ಬಾಲಚಂದ್ರ ಸರ್ ಬರೆದ ನಲವತ್ತನೇ ಕಾರ್ಡು

ಬಾಲಚಂದ್ರ ಸರ್ ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟು. ದುಃಖ ಆಮೇಲೆ, ಕರೆಯದಿದ್ದರೂ ಬರುತ್ತದೆ. ಕೆಟ್ಟವರ ಮೇಲಿನ ಸಿಟ್ಟಾದರೆ ನಾಲ್ಕು ಮಾತು ಬೈದು ಹಗುರಾಗಬಹುದು. ಒಳ್ಳೆಯವರ ಮೇಲೆ ಬಂದದ್ದನ್ನು ಏನು ಮಾಡುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಶಾಖಪಟ್ಟಣದ ಹೊರಗೆ ಪರವಾಡದಲ್ಲಿ ಒಂದು ಔಷಧಿ ಕಾರ್ಖಾನೆ. ಅವರು ಅಲ್ಲಿ ಸುರಕ್ಷತಾ ಅಧಿಕಾರಿ, ನಾನು ಅದೇ ವಿಭಾಗದ ಕಾಗದಪತ್ರ ನೋಡಿಕೊಳ್ಳುವವಳು. ಇಡೀ ವಿಭಾಗ ಎಂದರೆ ನಾವಿಬ್ಬರು, ಎರಡು ಕಬ್ಬಿಣದ ಬೀರು, ಸದಾ ಕೆಟ್ಟಿರುತ್ತಿದ್ದ ಒಂದು ಪ್ರಿಂಟರ್. ೨೦೦೭ರಲ್ಲಿ ನಾನು ಸೇರಿದ ದಿನ ಕಂಪನಿ ಬಸ್ಸಿನಲ್ಲಿ ಯಾರೋ ಕನ್ನಡದಲ್ಲಿ ಫೋನು ಮಾಡುತ್ತಿದ್ದುದು ಕೇಳಿ ಕತ್ತು ಹೊರಳಿಸಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಕುಳ್ಳಗೆ, ಕನ್ನಡಕ ಹಾಕಿದ, ನಲವತ್ತೈದರ ಆಸುಪಾಸಿನ ಮನುಷ್ಯ. "ಯಾವೂರಮ್ಮ?" ಎಂದರು. "ದಾವಣಗೆರೆ ಸರ್." "ನಮ್ದು ಬೀರೂರು. ಅಂಗಾದ್ರೆ ಪಕ್ಕದ ಮನೆಯೋಳೇ ಬಿಡು" ಎಂದು ಒಂದು ಸೀಟು ಸರಿದು ಕುಳಿತರು. ಎಂಟು ಮೈಲಿಯೊಳಗೆ ನನಗೆ ಅವರ ಹೆಂಡತಿಯ ಊರು, ಮಗಳ ಶಾಲೆ, ಚಂದ್ರನ ದೂರ ಎಲ್ಲವೂ ಗೊತ್ತಾಗಿತ್ತು.

ಚಂದ್ರನ ದೂರ ಯಾಕೆಂದರೆ ಅದು ಅವರ ಹುಚ್ಚು. ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹಗಳ ಬಗ್ಗೆ ಜನರಿಗೆ ತಿಳಿಸಬೇಕು ಎಂಬುದು. ೨೦೦೨ರ ಜೂನಿನಲ್ಲಿ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಬಂಡೆಯೊಂದು ಚಂದ್ರನ ದೂರದ ಮೂರನೇ ಒಂದು ಭಾಗದಷ್ಟು ಹತ್ತಿರ ಬಂದು ಹೋಗಿತ್ತು. ಹೋದ ಮೂರು ದಿನಕ್ಕೆ ವಿಜ್ಞಾನಿಗಳ ಕಣ್ಣಿಗೆ ಬಿತ್ತಂತೆ. ಆ ಸುದ್ದಿಯ ಪೇಪರ್ ತುಣುಕು ಸರ್ ಪರ್ಸಿನಲ್ಲಿ ಮಡಿಕೆ ಮಡಿಕೆಯಾಗಿ ಇತ್ತು. "ಮೂರು ದಿನ ಆದ್ಮೇಲೆ ಗೊತ್ತಾಯ್ತಂತೆ ನೋಡಮ್ಮ. ಕಳ್ಳ ಬಂದು ಹೋದ ಅಂತ ಮೂರು ದಿನ ಬಿಟ್ಟು ನಾಯಿ ಬೊಗಳಿದಂಗೆ" ಎನ್ನುವರು. ಬೇರೆಯವರು ಆ ಸುದ್ದಿ ಓದಿ ಅದೇ ಪೇಪರಿನಲ್ಲಿ ಬಜ್ಜಿ ಕಟ್ಟಿಕೊಂಡು ಹೋದರು. ಇವರ ನಿದ್ದೆ ಹೋಯಿತು.

ಇದಕ್ಕೆ ಅವರ ತಂದೆಯ ಕಥೆಯೂ ಕಾರಣ ಎಂದು ನನಗನ್ನಿಸುತ್ತದೆ. ತಂದೆ ಬೀರೂರು ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಒಂದು ಬೆಳಗ್ಗೆ ಒಂದೇ ಹಳಿಯ ಮೇಲೆ ಎರಡು ಗಾಡಿ ಬರುತ್ತಿರುವುದು ಕಂಡು ಕೆಂಪು ಬಾವುಟ ಹಿಡಿದು ಓಡಿದರಂತೆ. ಎರಡೂ ಗಾಡಿ ನಿಂತವು, ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣ ಯಾರೂ ಅವರನ್ನು ಕೇಳಲೂ ಇಲ್ಲ. ಮೇಲ್ ಗಾಡಿಯನ್ನು ಇಪ್ಪತ್ತು ನಿಮಿಷ ತಡ ಮಾಡಿದ್ದಕ್ಕೆ ಮೆಮೊ ಮಾತ್ರ ಬಂತು. "ಹೆಣ ಬಿದ್ದಿದ್ರೆ ನಮ್ಮಪ್ಪನ ಮಾತು ಕೇಳೋರು. ಹೆಣ ಬೀಳದಂಗೆ ನೋಡ್ಕೊಂಡ, ಅದೇ ತಪ್ಪಾಯ್ತು" ಎಂದು ಸರ್ ಹೇಳುವಾಗ ನಗುತ್ತಿದ್ದರು. ನಗು ಕಣ್ಣಿನವರೆಗೆ ಬರುತ್ತಿರಲಿಲ್ಲ.

೨೦೦೪ರ ಡಿಸೆಂಬರಿನ ಸುನಾಮಿ ದಿನ ಅವರು ಬೀಚಿನಲ್ಲಿದ್ದರು. ಸಮುದ್ರ ಹಿಂದಕ್ಕೆ ಹೋಗಿ ಕೆಳಗಿನ ಬಂಡೆಗಳು ಕಾಣಿಸಿದಾಗ ಜನ ಅದನ್ನು ನೋಡಲು ಮುಂದಕ್ಕೆ ಓಡಿದರಂತೆ. ಹಿಂದಕ್ಕೆ ಬನ್ನಿ ಎಂದು ಇವರು ಗಂಟಲು ಹರಿಯುವಂತೆ ಕೂಗಿದರೂ ಕೇಳಿದವರು ನಾಲ್ಕೇ ಜನ. ಮರುದಿನವೇ ಇಂಟರ್‌ನೆಟ್‌ ಅಂಗಡಿಯಲ್ಲಿ ಇನ್ನೊಂದು ಸುದ್ದಿ ಓದಿದರು: ಹೊಸ ಕ್ಷುದ್ರಗ್ರಹವೊಂದು ೨೦೨೯ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಮೂವತ್ತೇಳರಲ್ಲಿ ಒಂದು. ಅದು ಬಡಿಯುವುದಿಲ್ಲ, ಹತ್ತಿರ ಹಾದುಹೋಗುತ್ತದೆ ಅಷ್ಟೇ ಎಂದು ವಿಜ್ಞಾನಿಗಳು ಬೇಗನೆ ಲೆಕ್ಕ ತಿದ್ದಿದರು. ಆದರೆ ಸರ್ ಆ ವಾರದಿಂದಲೇ ಶಾಲೆ ಶಾಲೆ ಅಲೆಯತೊಡಗಿದರು.

ಅವರ ಸಾಮಾನು ಇಷ್ಟೇ: ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು, ಹನ್ನೆರಡು ಅಡಿ ಹಗ್ಗ. ಕಾಯಿ ಭೂಮಿ, ನಿಂಬೆಹಣ್ಣು ಚಂದ್ರ, ಹಗ್ಗ ಅವೆರಡರ ನಡುವಿನ ದೂರ. ಹಗ್ಗದ ಮೇಲೆ ಎಲ್ಲೋ ಒಂದು ಕಡೆ ಬೆರಳಿಟ್ಟು "ಇಲ್ಲಿ ಬಂದು ಹೋಯಿತು" ಎನ್ನುವರು. ಅವರ ತೆಲುಗು ಕೇಳಿ ಮಕ್ಕಳು ನಗುವರು, ಇವರೂ ಜೊತೆಗೆ ನಗುವರು. ಕಾರ್ಖಾನೆಯಲ್ಲಿ ಅವರ ಹೆಸರೇ 'ರಾಳ್ಳ ಸಾರ್' ಆಗಿಹೋಗಿತ್ತು, ಕಲ್ಲುಗಳ ಸಾಹೇಬರು ಎಂದು. ನಾನೂ ಕಾಡಿಸುತ್ತಿದ್ದೆ. "ಸರ್, ಇವತ್ತು ಯಾವುದಾದ್ರೂ ಬೀಳೋದಿದ್ರೆ ಹೇಳ್ರಿ, ಊಟದ ಡಬ್ಬಿ ಖಾಲಿ ಮಾಡ್ಕೊಂಡ್ ಬಿಡ್ತೀನಿ" ಎಂದರೆ, "ಹೇಳ್ತೀನಿ, ಹೇಳ್ತೀನಿ. ನಿಂಗೊಬ್ಬಳಿಗೆ ಮೊದ್ಲು" ಎನ್ನುವರು.

ಈಗ ಹಳದಿ ಕಾರ್ಡಿನ ವಿಷಯ ಹೇಳಬೇಕು. ಕಾರ್ಖಾನೆಯಲ್ಲಿ ಏನಾದರೂ ಅನಾಹುತ ಆಗುವುದರಲ್ಲಿದ್ದು ಸ್ವಲ್ಪದರಲ್ಲಿ ತಪ್ಪಿದರೆ ಅದನ್ನು ಕಂಡವರು ಒಂದು ಹಳದಿ ಕಾರ್ಡಿನಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ನಿಯರ್ ಮಿಸ್ ಕಾರ್ಡು ಎಂದು ಅದಕ್ಕೆ ಹೆಸರು. ಒಳ್ಳೆಯ ಪದ್ಧತಿಯೇ. ಆದರೆ ಹೆಡ್ ಆಫೀಸಿನವರು ತಿಂಗಳಿಗೆ ನಲವತ್ತು ಕಾರ್ಡು ಬರಲೇಬೇಕೆಂದು ಹುಕುಂ ಮಾಡಿದರು. ಅಲ್ಲಿಗೆ ಪದ್ಧತಿ ಕೆಟ್ಟಿತು. ಜನ ನಲವತ್ತು ತುಂಬಿಸಲು ಬರೆಯತೊಡಗಿದರು. ಕ್ಯಾಂಟೀನಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು. ಸೆಕ್ಯೂರಿಟಿಯವನ ಶೂ ದಾರ ಬಿಚ್ಚಿತ್ತು. ಗೇಟಿನ ಬಳಿ ನಾಯಿ ಮಲಗಿತ್ತು. ಆ ನಾಯಿ ಒಂದೇ ತಿಂಗಳಲ್ಲಿ ಆರು ಕಾರ್ಡಿನಲ್ಲಿ ಬಂದಿದೆ.

ಕಾರ್ಡುಗಳು ಬರುತ್ತಿದ್ದುದು ತೆಲುಗಿನಲ್ಲಿ. ಅಚ್ಚಿನ ತೆಲುಗನ್ನು ನಮ್ಮಂಥವರು ಹೇಗೋ ಕೂಡಿಸಿಕೊಂಡು ಓದುತ್ತೇವೆ, ಅಕ್ಷರ ನಮ್ಮದರ ಹಾಗೇ ಇದೆಯಲ್ಲ. ಆದರೆ ಎಂಟು ಗಂಟೆ ದುಡಿದವನು ಗೋಡೆಗೆ ಒತ್ತಿ ಹಿಡಿದು ಗೀಚಿದ ಕೈಬರಹ ನನಗೂ ಓದಲು ಬಾರದು, ಸರ್‌ಗೂ ಬಾರದು. ಅವರ ಹೆಂಡತಿ ಸುಲೋಚನಮ್ಮ ಬಳ್ಳಾರಿಯವರು. ತೆಲುಗು ಅವರಿಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ತಿಂಗಳ ಕೊನೆಯ ಭಾನುವಾರ ಸರ್ ಕಾರ್ಡುಗಳ ಕಟ್ಟನ್ನು ಗಾಜುವಾಕದ ಮನೆಗೆ ಒಯ್ಯುವರು. ಸುಲೋಚನಮ್ಮ ಒಂದೊಂದಾಗಿ ಓದಿ ಹೇಳುವರು, ಸರ್ ಪಕ್ಕದಲ್ಲಿ ಕನ್ನಡದಲ್ಲಿ ಗುರುತು ಹಾಕಿಕೊಳ್ಳುವರು. ಕಾರ್ಖಾನೆಯಲ್ಲಿ ನನ್ನನ್ನು ಬಿಟ್ಟು ಇದು ಯಾರಿಗೂ ಗೊತ್ತಿರಲಿಲ್ಲ. ತೆಲುಗು ಬಾರದ ಸುರಕ್ಷತಾ ಅಧಿಕಾರಿ ಎನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ನನಗೂ ಬೇಡವಾಗಿತ್ತು, ನನ್ನದೂ ಅದೇ ಬಂಡವಾಳ.

೨೦೦೯ರ ಮಾರ್ಚ್ ತಿಂಗಳಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಮಾರ್ಚ್ ಎರಡರಂದು ಸುಮಾರು ಮೂವತ್ತೈದು ಮೀಟರಿನ ಒಂದು ಕಲ್ಲು ಭೂಮಿಯಿಂದ ಎಪ್ಪತ್ತೆರಡು ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಸರ್ ಹಗ್ಗದಲ್ಲಿ ಹೇಳುವುದಾದರೆ ತೆಂಗಿನಕಾಯಿಯಿಂದ ಎರಡೇ ಅಡಿ. ಅದನ್ನು ಕಂಡುಹಿಡಿದದ್ದು ಬರುವುದಕ್ಕೆ ಮೂರು ದಿನ ಮೊದಲು. ಅದೇ ವಾರ ವಿಜಯವಾಡದಿಂದ ಪತ್ರ ಬಂತು. ಬೆಂಜ್ ಸರ್ಕಲ್ ಹತ್ತಿರದ ಸಭಾಂಗಣದಲ್ಲಿ ಮಕ್ಕಳ ಬೇಸಿಗೆ ಶಿಬಿರ, ಮುನ್ನೂರು ಮಕ್ಕಳು, ಮೇ ಮೂರರಂದು ಬಂದು ಮಾತಾಡಿ. ಮಾತನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸುತ್ತೇವೆ, ಮಾರ್ಚ್ ಮುಗಿಯುವುದರೊಳಗೆ ತೆಲುಗಿನಲ್ಲಿ ಬರೆದು ಕಳಿಸಿ. ನಾಲ್ಕು ವರ್ಷ ತೆಂಗಿನಕಾಯಿ ಹೊತ್ತು ಅಲೆದ ಮನುಷ್ಯ. ಪತ್ರ ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ನಿಂತಾಗ ಅವರ ಮುಖ ನೋಡಬೇಕಿತ್ತು.

ಮಾರ್ಚಿನ ಕೊನೆಯ ಭಾನುವಾರ ಸುಲೋಚನಮ್ಮ ಕಾರ್ಡು ಓದಲಿಲ್ಲ. ಬೆಳಗ್ಗಿಂದ ಸಂಜೆಯವರೆಗೆ ಕುಳಿತು ಗಂಡನ ಭಾಷಣವನ್ನು ತೆಲುಗಿನಲ್ಲಿ ಬರೆದುಕೊಟ್ಟರು. ಕಾರ್ಡಿನ ಕಟ್ಟು ಬಿಚ್ಚದೆ ಹಾಗೇ ವಾಪಸ್ಸು ಬಂತು. ನನಗೆ ಅದು ತಿಳಿಯಲಿಲ್ಲ.

ಮಂಗಳವಾರ ಮೂವತ್ತೊಂದನೇ ತಾರೀಖು. ಎಣಿಸಿದೆ, ಮೂವತ್ತೊಂಬತ್ತು ಇದ್ದವು. "ಸರ್, ಇನ್ನೊಂದು ಬೇಕಲ್ರೀ" ಎಂದೆ. "ನಾಯಿ ಬಗ್ಗೆ ಬರೆದ್ಬಿಡ್ಲಾ?"

"ಬ್ಯಾಡ. ನಾಯಿ ಪಾಪ ಏನ್ ಮಾಡೈತೆ" ಎಂದು ಸರ್ ಒಂದು ಕಾರ್ಡು ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆದರು. ಅವರು ಬರೆದದ್ದು ಕನ್ನಡದಲ್ಲಿ ಹೀಗಾಗುತ್ತದೆ: 'ನಡೆದದ್ದು: ಮಾರ್ಚ್ ೨ರಂದು ಮೂವತ್ತೈದು ಮೀಟರಿನ ಕಲ್ಲೊಂದು ಎಪ್ಪತ್ತೆರಡು ಸಾವಿರ ಕಿ.ಮೀ. ಅಂತರದಲ್ಲಿ ತಪ್ಪಿತು. ಸ್ಥಳ: ನಾವೆಲ್ಲರೂ ಇರುವ ಸ್ಥಳ. ಗಮನಿಸಿದವರು: ಕಾರ್ಖಾನೆಯಲ್ಲಿ ಯಾರೂ ಇಲ್ಲ. ಆಗಬೇಕಾದ ಕ್ರಮ: ಮೊದಲು ಜನರಿಗೆ ತಿಳಿಸುವುದು.' ಅರ್ಧ ತಮಾಷೆ, ಅರ್ಧ ನಿಜ. ನಾನು ಕಿಸಕ್ಕನೆ ನಕ್ಕು ಅದಕ್ಕೆ ನಲವತ್ತು ಎಂದು ನಂಬರು ಹಾಕಿದೆ. ದಾರ ಪೋಣಿಸಿ ಕಟ್ಟಿದೆ. ತಪ್ಪು ಅವರೊಬ್ಬರದೇ ಎಂದು ಯಾರಾದರೂ ಹೇಳಿದರೆ ಈ ನಂಬರು ಹಾಕಿದ ಕೈಯನ್ನು ನಾನು ಎಲ್ಲಿ ಬಚ್ಚಿಡಲಿ?

ಏಪ್ರಿಲ್ ಎಂಟಕ್ಕೆ ಹೆಡ್ ಆಫೀಸಿನಿಂದ ತಪಾಸಣೆಯವರು ಬಂದರು. ಕಟ್ಟನ್ನು ಹಿಂದಿನಿಂದ ತೆರೆದರು. ನಲವತ್ತನೇ ಕಾರ್ಡು ಮೊದಲು ಕಣ್ಣಿಗೆ ಬಿತ್ತು. ಒಬ್ಬ ಓದಿದ, ಇನ್ನೊಬ್ಬ ಕಿತ್ತುಕೊಂಡು ಓದಿದ, ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅದೇ ಮಾತು. ಮ್ಯಾನೇಜರ್ ಸತ್ಯಮೂರ್ತಿ ಮುಖ ಕೆಂಪಗೆ ಮಾಡಿಕೊಂಡು ಕಟ್ಟಿನ ಮೇಲೆ ಅಡ್ಡಕ್ಕೆ ಬರೆದರು: 'ನಲವತ್ತೂ ಹುಡುಗಾಟದವು. ಪರಿಗಣಿಸಬಾರದು.' ತಪಾಸಣೆಯವರು ಕೆಳಗೆ ಸಹಿ ಮಾಡಿದರು. ಹರಿದು ಹಾಕು ಎಂದು ಕಟ್ಟು ನನ್ನ ಕೈಗೆ ಬಂತು. ನಾನು ಬೀರುವಿನ ಕೆಳಗಿನ ಖಾನೆಗೆ ಎಸೆದೆ. ನಲವತ್ತು ದಪ್ಪ ಕಾರ್ಡು ಹರಿಯಲು ಸೋಮಾರಿತನ, ಬೇರೇನಿಲ್ಲ. ಸರ್ ಆ ದಿನದಿಂದ ಕ್ಯಾಂಟೀನಿಗೆ ಬರುವುದನ್ನು ಬಿಟ್ಟರು.

ಏಪ್ರಿಲ್ ಹದಿನೆಂಟು, ಶನಿವಾರ ಬೆಳಗ್ಗೆ ಹತ್ತೂವರೆ. ಮೂರನೇ ಬ್ಲಾಕಿನ ನಾಲ್ಕನೇ ರಿಯಾಕ್ಟರಿನ, ಅಂದರೆ ರಾಸಾಯನಿಕ ಕುದಿಸುವ ದೊಡ್ಡ ಪಾತ್ರೆಯ, ಮುಚ್ಚಳದ ಬಲಬದಿ ಬಿಟ್ಟುಕೊಂಡು ಒಳಗಿನ ಬಿಸಿ ದ್ರವ ಎದುರಿಗಿದ್ದ ಆಪರೇಟರನ ಮುಖಕ್ಕೆ ಹೊಡೆಯಿತು. ಅವನ ಹೆಸರು ಸೂರ್ಯಪ್ರಕಾಶ. ನಲವತ್ತು ವರ್ಷ, ಎರಡು ಹೆಣ್ಣುಮಕ್ಕಳು, ಕಾರ್ಖಾನೆ ಶುರುವಾದ ದಿನದಿಂದ ಇದ್ದವನು. ನಾನು ಓಡಿ ಹೋದಾಗ ಅವನನ್ನು ನೀರಿನ ಷವರಿನ ಕೆಳಗೆ ಹಿಡಿದಿದ್ದರು. ಅವನು ಕೂಗುತ್ತಿರಲಿಲ್ಲ. "ಕಾರ್ಡು ರಾಸಾನು, ಕಾರ್ಡು ರಾಸಾನು" ಎಂದು ಒಂದೇ ಮಾತು ಹೇಳುತ್ತಿದ್ದ. ಬರೆದಿದ್ದೆ, ಕಾರ್ಡು ಬರೆದಿದ್ದೆ ಎಂದು.

ಸರ್ ನನ್ನ ಮುಖ ನೋಡಿದರು. ನಾನು ಬೀರು ತೆಗೆದು ಕಟ್ಟು ತಂದೆ. ಅವನ ಸಹಿ ಇದ್ದದ್ದು ಇಪ್ಪತ್ಮೂರನೇ ಕಾರ್ಡಿನಲ್ಲಿ. ಅಲ್ಲೇ ಯಾರ ಕೈಲಾದರೂ ಓದಿಸಬಹುದಿತ್ತು. ಸರ್ ಬಿಡಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಇಬ್ಬರೂ ಗಾಜುವಾಕಕ್ಕೆ ಹೋದೆವು. ಸುಲೋಚನಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ಕೈ ಒರೆಸಿಕೊಂಡು ಕಾರ್ಡು ತಗೊಂಡು, ಯಾವಾಗಿನ ಹಾಗೆ, ಕನ್ನಡ ಮಾಡಿ ಓದತೊಡಗಿದರು: "ನಾಲ್ಕನೇ ನಂಬರಿನ ಮುಚ್ಚಳ ಸೊಟ್ಟ ಆಗೇತಿ. ಬಲಗಡೆ ಎರಡು ಕ್ಲಾಂಪ್ ಬಿಗಿ ಆಗವಲ್ವು. ಬಿಸಿ ಏರಿದಾಗ ಆವಿ ಬಂದು ಎರಡು ಸಲ ಮುಖಕ್ಕೆ ತಾಗೇತಿ. ಮುಚ್ಚಳನೇ ಬದಲಿಸಬೇಕು. ದಯವಿಟ್ಟು ಬಂದು ನೋಡ್ರಿ." ಓದಿ ಮುಗಿಸಿ, "ಇದು ಯಾವ ತಿಂಗಳದ್ದು? ನಾ ಓದೇ ಇಲ್ಲಲ್ರೀ ಇದನ್ನ" ಎಂದರು. ಹೇಳುತ್ತಿದ್ದ ಹಾಗೇ ಅವರಿಗೂ ಹೊಳೆಯಿತು. ಬಾಯಿಗೆ ಸೆರಗು ಹಿಡಿದು ಕುಳಿತುಬಿಟ್ಟರು. ಸರ್ ನೀರು ಬೇಕೆಂದರು, ಕೊಟ್ಟ ಲೋಟವನ್ನು ಕುಡಿಯದೆ ಹಿಡಿದುಕೊಂಡೇ ನಿಂತಿದ್ದರು. ಆಗಲೇ ನನಗೆ ತಿಳಿದದ್ದು ಆ ಭಾನುವಾರ ಏನಾಗಿತ್ತೆಂದು.

ಮುಂದಿನ ವಾರ ಕಂಪನಿಯವರ ಮಾತು ಗಟ್ಟಿಯಾಯಿತು. ಸೂರ್ಯಪ್ರಕಾಶ ಒತ್ತಡ ನೋಡದೆ ಕ್ಲಾಂಪ್ ಸಡಿಲಿಸಿದ, ಅವನದೇ ನಿರ್ಲಕ್ಷ್ಯ, ಯಂತ್ರದಲ್ಲಿ ದೋಷವಿಲ್ಲ. ಮುಚ್ಚಳ ಬದಲಿಸಬೇಕಾದರೆ ನಾಲ್ಕನೇ ನಂಬರು ಎರಡು ತಿಂಗಳು ನಿಲ್ಲಬೇಕು. ಕೆಲಸದವನ ತಪ್ಪು ಎಂದರೆ ಮುಚ್ಚಳದ ಅಂಚಿಗೆ ಹಾಕುವ ಒಂದು ಗ್ಯಾಸ್ಕೆಟ್ ಪಟ್ಟಿ ಬದಲಿಸಿ ಮರುದಿನವೇ ಓಡಿಸಬಹುದು. ಮೇ ಆರಕ್ಕೆ ವಿಚಾರಣೆ ಇಟ್ಟರು. ಅಲ್ಲಿ ಅವನ ತಪ್ಪು ಎಂದು ಬರೆದುಬಿಟ್ಟರೆ ಅದೇ ಸೊಟ್ಟ ಮುಚ್ಚಳದ ಎದುರು ಇನ್ನೊಬ್ಬನನ್ನು ನಿಲ್ಲಿಸುತ್ತಾರೆ ಎಂಬುದು ಮೂರನೇ ಬ್ಲಾಕಿನ ಪ್ರತಿಯೊಬ್ಬನಿಗೂ ಗೊತ್ತಿತ್ತು.

ಸರ್ ಕಟ್ಟು ಹಿಡಿದು ಸತ್ಯಮೂರ್ತಿಯವರ ಕೋಣೆಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ. ಸತ್ಯಮೂರ್ತಿ ಕೂಗಾಡಲಿಲ್ಲ. "ಬಾಲಚಂದ್ರ ಗಾರು, ಆ ಕಟ್ಟು ಅದೆಯಲ್ಲಾ, ಅದು ಇಲ್ಲ ಅಂದ್ಕೊಳ್ಳಿ. ತೆಗೆದ್ರೆ ನಿಮ್ಮ ಕಲ್ಲೂ ಹೊರಗೆ ಬರ್ತದಿ. ನಗ್ತಾರಂಡಿ. ಭಾನುವಾರ ವಿಜಯವಾಡದಲ್ಲಿ ನಿಮ್ಮ ಮೀಟಿಂಗ್ ಉಂದಿ ಕದಾ? ಕಂಪನಿ ಕಾರಲ್ಲೇ ಹೋಗ್ಬನ್ನಿ" ಎಂದರು. ನಮ್ಮ ಮೇಲಿನ ಮರ್ಯಾದೆಗೆ ಅವರು ಕಲಿತಿದ್ದ ಕನ್ನಡ ಅದು. ಸರ್ ಕಟ್ಟು ಎತ್ತಿಕೊಂಡು ಹೊರಗೆ ಬಂದರು.

ಇಪ್ಪತ್ಮೂರನ್ನು ಮಾತ್ರ ಬಿಚ್ಚಿ ಕೊಡೋಣ ಎಂದು ನಾನೇ ಹೇಳಿದೆ. ಆಗುವಂತಿರಲಿಲ್ಲ. 'ನಲವತ್ತೂ' ಎಂದು ಬರೆದು ಸಹಿ ಮಾಡಿದ್ದರಲ್ಲ, ಒಂದು ಕಮ್ಮಿಯಾದರೂ ನಾವು ಕೈಯಾಡಿಸಿದ್ದೇವೆ ಎಂದು ಇಡೀ ಕಟ್ಟನ್ನು ತಳ್ಳಿಹಾಕುತ್ತಿದ್ದರು. "ಎಲ್ಲಾನೂ ಕೊಡಾಣ" ಎಂದರು ಸರ್. "ನಗ್ಲಿ ಬಿಡು."

ಮೇ ಮೂರರ ಭಾನುವಾರ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆವು. ಕಾರು ಬೇಡವೆಂದಿದ್ದರು. ಸೂರ್ಯಪ್ರಕಾಶನ ಹೆಂಡತಿಯ ತವರು ಅಲ್ಲೇ, ಹಾಗಾಗಿ ಬೆಂಜ್ ಸರ್ಕಲ್ ಬಳಿಯ ಕಣ್ಣಿನ ಆಸ್ಪತ್ರೆಗೆ ಅವನನ್ನು ಸೇರಿಸಿದ್ದರು. ವಿಚಾರಣೆಗೆ ಅವನ ಹೇಳಿಕೆಯೂ ಬೇಕಿತ್ತು. ದಾರಿಯುದ್ದಕ್ಕೂ ಸರ್ ತೊಡೆಯ ಮೇಲೆ ತೆಂಗಿನಕಾಯಿಯ ಚೀಲ ಇಟ್ಟುಕೊಂಡು ಕುಳಿತಿದ್ದರು. ರಾಜಮಂಡ್ರಿ ದಾಟಿದ ಮೇಲೆ, "ಅವನಿಗೆ ಹೇಳ್ಬೇಕು ಮಾನಸ, ನಾನು ಓದಿರ್ಲಿಲ್ಲ ಅಂತ" ಎಂದರು.

ಹೇಳಿದರು. ಹಾಸಿಗೆಯ ಪಕ್ಕ ನಿಂತು, ತಪ್ಪು ತಪ್ಪು ತೆಲುಗಿನಲ್ಲಿ, ಒಂದನ್ನೂ ಬಿಡದೆ. ಭಾನುವಾರ, ಭಾಷಣ, ಬಿಚ್ಚದ ಕಟ್ಟು, ಕಲ್ಲಿನ ಕಾರ್ಡು. ಸೂರ್ಯಪ್ರಕಾಶನ ಎರಡೂ ಕಣ್ಣಿಗೆ ಪಟ್ಟಿ ಇತ್ತು. ಬಲಗಣ್ಣು ಹೋಗಿದೆ, ಎಡಗಣ್ಣಿನಲ್ಲಿ ಬೆಳಕು ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ದುರ್ಗಾಂಬ ಕಾಲ ಬಳಿ ಕುಳಿತಿದ್ದವಳು ಎದ್ದು ಸರ್ ಎದುರಿಗೆ ಬಂದಳು. "ಆ ರಾಯಿ ಎಕ್ಕಡಿಕೋ ಪೋಯಿಂದಿ. ಇದಿ ಮಾ ಇಂಟಿ ಮೀದ ಪಡಿಂದಿ" ಎಂದಳು. ಆ ಕಲ್ಲು ಎಲ್ಲಿಗೋ ಹೋಯಿತು, ಇದು ನಮ್ಮ ಮನೆ ಮೇಲೆ ಬಿತ್ತು ಎಂದು.

ಆಗ ಸೂರ್ಯಪ್ರಕಾಶ ಮಾತಾಡಿದ. ತೆಲುಗಿನಲ್ಲಿ, ನಿಧಾನವಾಗಿ. ಅವನ ಮಾತು ನನಗೆ ಇಂದಿಗೂ ಒಂದಕ್ಷರ ಬಿಡದೆ ನೆನಪಿದೆ. ಸಾರ್, ನನಗೆ ಹೇಳಿದಿರಿ, ಅಷ್ಟು ಸಾಕು. ಅಲ್ಲಿ ಹೇಳಬೇಡಿ. ಓದಿದ್ದೆ, ಕಳಿಸಿದ್ದೆ, ಅವರು ಬಿಸಾಕಿದರು ಎಂದು ಹೇಳಿ. ನೀವು ಓದಿಲ್ಲ ಅಂದರೆ ನಿಮ್ಮ ತಲೆಗೆ ಕಟ್ಟಿ ಅವರು ಪಾರಾಗುತ್ತಾರೆ, ಮುಚ್ಚಳ ಹಾಗೇ ಇರುತ್ತದೆ. ನನ್ನ ಜಾಗಕ್ಕೆ ಬಂದವನಿಗೆ ಇಪ್ಪತ್ತಾರು ವರ್ಷ. ನಾಲ್ಕನ್ನು ಓಡಿಸಲು ಬಿಡಬೇಡಿ. ನನಗೆ ಬೇರೇನೂ ಬೇಡ.

"ಸರೆ" ಎಂದರು ಸರ್. ಆಗಲಿ ಎಂದು. ಅವನು ಚಾಚಿದ ಕೈ ಹಿಡಿದುಕೊಂಡರು. ನಾನು ಕಂಡಿದ್ದೇನೆ, ಕೇಳಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಸಭಾಂಗಣ. ಹೋಗುವುದು ಬೇಡ ಎಂದೆ. "ಮಕ್ಕಳು ಕಾಯ್ತಾವೆ" ಎಂದರು. ಮುನ್ನೂರು ಮಕ್ಕಳ ಕೈಯಲ್ಲೂ ಹೊಸ ಪುಸ್ತಿಕೆ. ಸುಲೋಚನಮ್ಮ ಆ ಭಾನುವಾರ ಬರೆದದ್ದು ಅಚ್ಚಾಗಿ ಬಂದಿತ್ತು. ಸರ್ ಕಾಯಿ ಇಟ್ಟರು, ಹಗ್ಗ ಹಾಸಿದರು, ನಿಂಬೆಹಣ್ಣು ಇಟ್ಟರು. ಎರಡು ಅಡಿಯ ಹತ್ತಿರ ಬೆರಳಿಟ್ಟು ನಿಂತರು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಇಷ್ಟು ಹತ್ತಿರ ಬರುವುದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. "ಯಾರಾದರೂ ನೋಡುತ್ತಾ ಇರಬೇಕಮ್ಮ" ಎಂದರು. ಅಷ್ಟೇ. ಬಗ್ಗಿದವರು ಏಳಲಿಲ್ಲ. ಹಗ್ಗದ ಪಕ್ಕ ನೆಲದ ಮೇಲೆ ಕುಳಿತು ಅತ್ತರು. ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು. ನಾನು ಅವರ ರಟ್ಟೆ ಹಿಡಿದು ಹೊರಗೆ ಕರೆತಂದೆ. ಬೆಂಜ್ ಸರ್ಕಲಿನ ಆ ಬಿಸಿಲಿನಲ್ಲಿ, ಆ ಲಾರಿ ಬಸ್ಸುಗಳ ನಡುವೆ, ರಸ್ತೆ ದಾಟಲು ನಮಗೆ ಕಾಲು ಗಂಟೆ ಹಿಡಿಯಿತು.

ಮಂಗಳವಾರ ಸಂಜೆ ನಾನು ಅವರಿಗೆ ಪಾಠ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. "ಸರ್, ಕಟ್ಟು ಕೊಡ್ರಿ, ಇಪ್ಪತ್ಮೂರು ಓದ್ರಿ, ಕೂತ್ಬಿಡ್ರಿ. ಓದಿದ್ರಾ ಅಂತ ಯಾರೂ ಕೇಳಂಗಿಲ್ಲ. ಕೇಳಿದ್ರೆ ಹ್ಞೂಂ ಅನ್ರಿ. ಸೂರ್ಯಪ್ರಕಾಶನೇ ಹೇಳ್ಯಾನಲ್ಲ?" ಅವರು ತಲೆಯಾಡಿಸಿದರು.

ವಿಚಾರಣೆಯ ಕೋಣೆಯಲ್ಲಿ ಹೆಡ್ ಆಫೀಸಿನ ಅಧಿಕಾರಿ, ಸತ್ಯಮೂರ್ತಿ, ಕೆಲಸಗಾರರ ಕಡೆಯಿಂದ ಇಬ್ಬರು, ಬರೆದುಕೊಳ್ಳಲು ನಾನು. ಸರ್ ಕಟ್ಟು ಇಟ್ಟರು. ತಾವೇ ಮೊದಲು ನಲವತ್ತನೇ ಕಾರ್ಡು ಓದಿದರು. ಅಧಿಕಾರಿ ನಕ್ಕರು. ಆಮೇಲೆ ಇಪ್ಪತ್ಮೂರು ಓದಿದರು, ಸುಲೋಚನಮ್ಮ ಬರೆದುಕೊಟ್ಟಿದ್ದ ಕನ್ನಡ ಅಕ್ಷರದ ಚೀಟಿ ಹಿಡಿದು, ಒಂದೂ ತಪ್ಪಿಲ್ಲದ ತೆಲುಗಿನಲ್ಲಿ. ಕೋಣೆಯಲ್ಲಿ ನಗು ನಿಂತಿತು. ಕೆಲಸಗಾರರ ಕಡೆಯವನು ಎದ್ದು ನಿಂತು, ಅಪಘಾತಕ್ಕೆ ಮೂರು ವಾರ ಮೊದಲೇ ಬರೆದ ಕಾರ್ಡನ್ನು ಮ್ಯಾನೇಜರ್ ತಳ್ಳಿಹಾಕಿದ್ದಾರೆ ಎಂದು ಬರೆದುಕೊಳ್ಳಿ ಎಂದ. ಸತ್ಯಮೂರ್ತಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಗೆದ್ದಿದ್ದೆವು.

ಆಗ ಬಾಲಚಂದ್ರ ಸರ್, ಯಾರೂ ಕೇಳದೆ, "ಇನ್ನೊಂದು ಮಾತು ಸೇರಿಸಬೇಕು" ಎಂದರು. "ವರದಿ ಅಂದ ಮೇಲೆ ನಡೆದದ್ದೆಲ್ಲ ಇರಬೇಕು. ಈ ಕಾರ್ಡನ್ನು ನಾನು ಕಳಿಸುವ ಮೊದಲು ಓದಿರಲಿಲ್ಲ. ನನಗೆ ತೆಲುಗು ಕೈಬರಹ ಓದಲು ಬರುವುದಿಲ್ಲ."

ಅಧಿಕಾರಿಯ ಮುಖ ಹೇಗೆ ಅರಳಿತು ಎಂದರೆ, ಕಳೆದುಹೋದ ಬೀಗದ ಕೈ ಸಿಕ್ಕವರ ಮುಖ ಹಾಗಿರುತ್ತದೆ. "ಮತ್ತೊಮ್ಮೆ ಹೇಳಿ" ಎಂದರು. ಸರ್ ಮತ್ತೊಮ್ಮೆ ಹೇಳಿದರು. ನಾನು ಬರೆಯಲಿಲ್ಲ. "ಬರ್ಕೊಳ್ಳಮ್ಮ" ಎಂದರು ಸರ್, ನನ್ನ ಕಡೆ ನೋಡಿ. ಬರೆದುಕೊಂಡೆ.

ವಾರದೊಳಗೆ ನಾನೇ ಎರಡು 'ಆದೇಶ' ಟೈಪ್ ಮಾಡಿದೆ. ಒಂದರಲ್ಲಿ ಸೂರ್ಯಪ್ರಕಾಶ ನಿರ್ಲಕ್ಷ್ಯ ತೋರಿಲ್ಲ ಎಂದಿತ್ತು. ಇನ್ನೊಂದರಲ್ಲಿ ಸುರಕ್ಷತಾ ಅಧಿಕಾರಿಯ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ, ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಮುಚ್ಚಳದ ಮಾತು ಎರಡರಲ್ಲೂ ಇರಲಿಲ್ಲ. ತಪ್ಪು ಮನುಷ್ಯನದು ಎಂದಾದ ಮೇಲೆ ಯಂತ್ರ ಯಾಕೆ ನಿಲ್ಲಬೇಕು? ಹೊಸ ಗ್ಯಾಸ್ಕೆಟ್ ಹಾಕಿ ನಾಲ್ಕನೇ ನಂಬರು ಶುರು ಮಾಡಿದರು.

ಸೂರ್ಯಪ್ರಕಾಶನಿಗೆ ನಾನು ಫೋನು ಮಾಡಿ ತಿಳಿಸಿದೆ. ಅವನು ಕೇಳಿದ: ಸಾರ್ ತಮ್ಮ ಮನಸ್ಸು ಹಗುರ ಮಾಡಿಕೊಂಡರಲ್ಲಮ್ಮ, ನನ್ನ ಜಾಗಕ್ಕೆ ಬಂದ ಆ ಹುಡುಗನ ಮುಖಕ್ಕೆ ಏನಾದರೂ ಬಿದ್ದರೆ ಅದನ್ನು ಯಾರ ಮನಸ್ಸು ಹೊರಬೇಕು? ನನ್ನ ಸಿಟ್ಟೂ ಅದೇ. ಸತ್ಯ ಹೇಳಿದ್ದಕ್ಕೆ ಯಾರನ್ನಾದರೂ ಬೈಯಬಹುದೇ ಎಂದು ಕೇಳುವವರು ನನ್ನ ಜಾಗದಲ್ಲಿ ಒಂದು ದಿನ ಕುಳಿತು ನೋಡಲಿ. ನಾನು ಆ ಮಾತನ್ನು ಸರ್‌ಗೆ ಹಾಗೇ ಹೇಳಿದೆ, ಸ್ವಲ್ಪವೂ ಮೆತ್ತಗೆ ಮಾಡದೆ. ಅವರು ಕೇಳಿಸಿಕೊಂಡು ಫೋನು ಇಟ್ಟರು.

ಮರುದಿನ ಬೆಳಗ್ಗೆ ಏಳೂವರೆಗೆ ಕಂಪನಿ ಬಸ್ಸು ಗೇಟಿನ ಹತ್ತಿರ ನಿಧಾನ ಮಾಡಿದಾಗ ಅವರು ಹೊರಗೆ ನಿಂತಿದ್ದರು. ಇಸ್ತ್ರಿ ಮಾಡಿದ ಅದೇ ನೀಲಿ ಅಂಗಿ. ಇಳಿದವರನ್ನೆಲ್ಲ ತಡೆದು ತಮ್ಮ ತೆಲುಗಿನಲ್ಲಿ ಹೇಳುತ್ತಿದ್ದರು, "ಮೂರನೇ ಬ್ಲಾಕು, ನಾಲ್ಕನೇ ನಂಬರು. ಬಲಗಡೆ ನಿಲ್ಲಬೇಡಿ. ಬಲಗಡೆ ಮಾತ್ರ ನಿಲ್ಲಬೇಡಿ." ಕೆಲವರು ನಿಂತರು. ಬಹಳ ಜನ 'ರಾಳ್ಳ ಸಾರ್' ಎಂದು ನಕ್ಕು ಹೋದರು. ಸೆಕ್ಯೂರಿಟಿಯವನು ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ, ಅವರು ಮತ್ತೆ ಮುಂದೆ ಬಂದರು. ಹೀಗೆ ಹನ್ನೊಂದು ದಿನ. ಹನ್ನೆರಡನೇ ದಿನ ಕಂಪನಿಯವರು ಪೊಲೀಸರಿಗೆ ಹೇಳಿ ಅವರನ್ನು ಅಲ್ಲಿಂದ ಎಬ್ಬಿಸಿದರು. ಆಮೇಲೆ ಅವರು ಮನೆ ಖಾಲಿ ಮಾಡಿದರು ಎಂದು ಮಾತ್ರ ತಿಳಿಯಿತು.

ಆ ಹನ್ನೊಂದು ದಿನವೂ ನಾನು ಅದೇ ಬಸ್ಸಿನಿಂದ ಇಳಿದೆ. ಮ್ಯಾನೇಜರ್ ಕಿಟಕಿಯಿಂದ ನೋಡುತ್ತಿದ್ದರು. ಎರಡಡಿ ದೂರದಲ್ಲಿ ಸರ್ ನನ್ನನ್ನು ಕಂಡು, "ಮಾನಸ, ಆ ಹುಡುಗನಿಗೆ ನೀನಾದ್ರೂ ಹೇಳಮ್ಮ" ಎನ್ನುತ್ತಿದ್ದರು. ನಾನು ಗುರುತಿಲ್ಲದವಳ ಹಾಗೆ ಬ್ಯಾಗು ಸರಿಮಾಡಿಕೊಂಡು ಒಳಗೆ ಹೋದೆ. ಆ ಹುಡುಗನಿಗೂ ಹೇಳಲಿಲ್ಲ. ನನಗೆ ಕೆಲಸ ಬೇಕಾಗಿತ್ತು.